ಕಡಿಯದ ಕರೆ

ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಚಾಲೂ ಇದ್ದ ಕಪಾಟಿನೊಳಗೆ ಕರೆಂಟು ಒದಗಿಸುವ ಹಲಗೆಯನ್ನು, ಅಂದರೆ ಹೊಸ ಪವರ್ ಕಾರ್ಡನ್ನು, ತಳ್ಳುವ ಮುನ್ನ ಇಂಜಿನಿಯರ್ ಹುಡುಗಿ ಉಸಿರು ಬಿಗಿಹಿಡಿದಳು. ಕಳೆದ ಸಲ ಹೀಗೆ ತಳ್ಳಿದಾಗ ಕರೆಂಟು ಒಮ್ಮೆಲೇ ನುಗ್ಗಿ, ಕಿಡಿ ಹಾರಿ, ಊರಿನ ಫೋನುಗಳೆಲ್ಲ ಸತ್ತುಹೋಗಿದ್ದವು. ಈ ಸಲ ಕಾರ್ಡಿನ ಮೇಲೆ ಅವಳೇ ಕೂರಿಸಿದ, ಕಪಾಟನ್ನು ಆರಿಸದೆಯೇ ಕಾರ್ಡು ಹಾಕಿ ತೆಗೆಯಲು ಬಿಡುವ ಪುಟ್ಟ ಹಾಟ್ ಸ್ವಾಪ್ ಸರ್ಕ್ಯೂಟ್ ಇತ್ತು. ನಲ್ಲಿಯನ್ನು ಮೆಲ್ಲಗೆ ತಿರುಗಿಸಿದಂತೆ ಅದು ಕರೆಂಟನ್ನು ಸ್ವಲ್ಪಸ್ವಲ್ಪವಾಗಿ ಒಳಬಿಡಬೇಕಿತ್ತು. ಪರೀಕ್ಷೆಗೆ ನಡೆಯುತ್ತಿರುವ ಒಂದು ಕರೆ ಬೇಕಿತ್ತು. ಮ್ಯಾನೇಜರ್ ಆಗಲೇ ತಮ್ಮ ಅತ್ತೆಯೊಡನೆ ಫೋನಿನಲ್ಲಿದ್ದರು.

ಅವಳು ತಳ್ಳಿದಳು. ಕಿಡಿಯಿಲ್ಲ, ಸದ್ದಿಲ್ಲ. ಹಸಿರು ದೀಪ ಹತ್ತಿತು.

"ಸರ್, ಲೈನ್ ಇದೆಯಾ?"

ಮ್ಯಾನೇಜರ್ ರಿಸೀವರಿಗೆ ಕೈ ಅಡ್ಡ ಹಿಡಿದು, ಸಪ್ಪೆ ಮುಖದಲ್ಲಿ ಪಿಸುಗುಟ್ಟಿದರು. "ಇದೆ. ಇನ್ನೊಂದ್ಸಲ ಮಾಡಮ್ಮ. ಸ್ವಲ್ಪ ಜೋರಾಗೇ ತಳ್ಳು."

ಎಂಥ ಕಟ್ಟುನಿಟ್ಟಿನ ಮನುಷ್ಯ ಎಂದುಕೊಂಡು ಅವಳು ಎಳೆದು ಮತ್ತೆ ತಳ್ಳಿದಳು. ಪಕ್ಕದ ಕಾರ್ಡುಗಳು ಎಂದಿನಂತೆ ಕೆಲಸ ಮಾಡುತ್ತಲೇ ಇದ್ದವು. ಮ್ಯಾನೇಜರ್ ಇನ್ನೂ ಒಮ್ಮೆ ಎಂದು ಸನ್ನೆ ಮಾಡಿದರು. ಆಗಲೂ ಲೈನಿನಲ್ಲಿ ಒಂದು ಗರಗರ ಸದ್ದು ಕೂಡ ಬರಲಿಲ್ಲ.

"ಗೆದ್ವಿ ಸರ್!" ಅವಳು ಕುಣಿದಾಡಿಬಿಟ್ಟಳು.

ಅಷ್ಟರಲ್ಲಿ ರಿಸೀವರಿನಿಂದ ಅತ್ತೆಯ ದನಿ ಕೋಣೆಗೆಲ್ಲ ಕೇಳುವಂತೆ ಹೊರಬಂತು. "ಅಳಿಯಂದ್ರೇ, ಪಕ್ಕದಲ್ಲೇ ಕೂತು ಮಾತಾಡಿದಂಗಿದೆ ನೋಡಿ! ಆಗಿಂದ ಕೇಳ್ತಾನೇ ಇದ್ದೀನಿ, ಈಗ್ಲಾದ್ರೂ ಹೇಳಿ, ನಾನು ನಿಮ್ಮನೇಲೇ ಬಂದು ಇದ್ದುಬಿಡ್ಲೋ, ಬೇಡ್ವೋ?"

ಮ್ಯಾನೇಜರ್ ಹಸಿರು ದೀಪವನ್ನೇ ಒಂದು ಗಳಿಗೆ ದಿಟ್ಟಿಸಿದರು.

"ಬನ್ನಿ ಅತ್ತೆ," ಎಂದರು.