ಅಂಗೈ ನೋಡುವ ಭಾನುವಾರ

ಯೇಸುಸ್ವಾಮಿಯ ತಮ್ಮನ ವಂಶದವರೇ ಎರಡು ಸಾವಿರ ವರ್ಷಗಳಿಂದ ಎಲ್ಲ ಸಭೆಗಳ ಹಿರಿಯರು. ಆದರೂ ವರ್ಷಕ್ಕೊಮ್ಮೆ ಅವರು ಸಭೆಯ ಮುಂದೆ ಅಂಗೈ ಚಾಚಬೇಕು. ದುಡಿದು ಜಡ್ಡುಗಟ್ಟಿದ ಕೈ ಇಲ್ಲದ ಮನೆಯಿಂದ ಹಿರಿತನ ಬೇರೆ ಕವಲಿಗೆ ಹೋಗುತ್ತದೆ.

ಬೆಟಗೇರಿಯ ಸಭೆಯಲ್ಲಿ ಅಂಗೈ ಮುಟ್ಟಿ ನೋಡುವವಳು ನೇಕಾರ ಮುದುಕಿ ದಾನವ್ವ. ಈ ಸಲವೂ ಹಿರಿಯ ಸುಮಿತ್ರಪ್ಪ ಅವಳ ಮುಂದೆ ಅಂಗೈ ಚಾಚಿದ. ತೋಳು ಮುರಿದು ಆರು ತಿಂಗಳಿಂದ ಅವನು ಬಡಗಿ ಕೆಲಸ ಮಾಡಿರಲಿಲ್ಲ.

ದಾನವ್ವ ಹೆಬ್ಬೆರಳಿನಿಂದ ಒತ್ತಿದಳು. ಅವನು ನೋವಿಗೆ ಮುಖ ಕಿವುಚಿದ.

"ಜಡ್ಡು ನೋಯೂದಿಲ್ಲಪಾ. ಎದಕ್ಕ ಉಜ್ಜಿಕೊಂಡಿ?"

"ಇಟ್ಟಂಗಿಗೆ, ಆಯಿ," ಎಂದು ಪಿಸುಗುಟ್ಟಿದ. "ಹಿರಿತನ ಹುಬ್ಬಳ್ಳಿ ಕವಲಿನವರಿಗೆ ಹೋದರ ಅವರು ನೇಕಾರ ಮಕ್ಕಳ ಶಾಲಿ ಮುಚ್ಚತಾರ."

"ಹುಚ್ಚಪ್ಪಾ! ಇಷ್ಟು ದಿನ ಮನಿ ಯಾರು ನಡಿಸ್ಯಾರ?"

ಅವನು ಹಿಂದಿನ ಸಾಲಿನಲ್ಲಿದ್ದ ಅಕ್ಕ ಕರುಣವ್ವನನ್ನು ತೋರಿಸಿದ. ಆರು ತಿಂಗಳಿಂದ ಉಳಿ, ಗರಗಸ ಹಿಡಿದವಳು ಅವಳೇ. ದಾನವ್ವ ಹೋಗಿ ಅವಳ ಅಂಗೈ ಒತ್ತಿದಳು. ತೇಗದ ಹಲಗೆಯಷ್ಟು ಗಟ್ಟಿಯಾಗಿತ್ತು.

"ಈಕೀನೂ ಅದೇ ರಕ್ತ. ಜಡ್ಡೂ ಐತಿ. ಯಾರದರ ತಕರಾರು ಐತೇನು?"

ಮುಂದಿನ ಸಾಲಿನ ಹುಬ್ಬಳ್ಳಿಯವರು ತಕರಾರಿಗೆ ದಾರಿ ಹುಡುಕಿದರು. ಹೆಣ್ಣಿನ ಕೈ ಆಗದು ಎಂಬ ನಿಯಮ ಯಾರಿಗೂ ನೆನಪಾಗಲಿಲ್ಲ.

ಸುಮಿತ್ರಪ್ಪ ತನ್ನ ಕುರ್ಚಿಯನ್ನು ತಾನೇ ಒರೆಸಿ, "ಬಾ ಅಕ್ಕಾ," ಎಂದ.

ಕರುಣವ್ವ ಸೆರಗಿನ ಮರದಪುಡಿ ಕೊಡವಿ ಕೂತಳು.

"ಶಾಲಿ ನಡೀತೈತಿ," ಎಂದಳು. "ಈಗ ಪ್ರಾರ್ಥನಿ ಲಗೂ ಮುಗಸೂಣು. ನಾಳೆ ಒಂದು ತೊಟ್ಟಿಲಾ ಕೊಡಬೇಕು."