ಬೋರಲು ಮಲಗುವ ಆಸೆ

"ಅಮ್ಮಾ, ನಂಗೊಂದ್ಸಲ ಬೋರಲು ಮಲಗ್ಬೇಕು" ಎಂದಳು ಚಂದನ.

ಕಂಪನಿಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದ ಭಾರತಮ್ಮ ಬಾಗಿಲಲ್ಲೇ ತಿರುಗಿ ನೋಡಿದಳು. ಮಗಳು ಗೋಡೆಗೆ ಒರಗಿ, ಬಾತುಕೊಂಡ ಕಾಲುಗಳನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟರು ಹೇಳಿದ್ದ ತಾರೀಖು ಕಳೆದುಹೋಗಿತ್ತು. ಎಡಕ್ಕೆ ಮಲಗಿದರೆ ಸೊಂಟ ಹಿಡಿಯುತ್ತಿತ್ತು, ಬಲಕ್ಕೆ ಹೊರಳಿದರೆ ಎದೆಯುರಿ, ಅಂಗಾತ ಮಲಗಿದರೆ ಉಸಿರೇ ಸಿಕ್ಕಿಹಾಕಿಕೊಂಡಂತೆ.

"ಇಷ್ಟು ಹೊಟ್ಟೆ ಇಟ್ಕೊಂಡು ಬೋರಲು ಮಲಗ್ತಾಳಂತೆ! ಇನ್ನೆರಡು ದಿನ ತಡ್ಕೊಳ್ಳೇ."

"ದಿನಾ ಇದನ್ನೇ ಹೇಳ್ತೀಯ. ಇವತ್ತೊಂದು ದಿನ ರಜ ಹಾಕ್ಬಾರ್ದಾ?"

"ಈಗಲೇ ಹಾಕಿದ್ರೆ ಬಾಣಂತನಕ್ಕೆ ಏನ್ ಮಾಡ್ಲಿ? ನಿಂಗೂ ಕೂಸಿಗೂ ನೀರು ಹಾಕೋರ್ಯಾರು, ನಿಮ್ಮಪ್ಪನಾ?"

ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಭಾರತಮ್ಮ ಒಂದು ಚಪ್ಪಲಿಯನ್ನು ಕಾಲಿಗೂ ಇನ್ನೊಂದನ್ನು ಕೈಗೂ ಸಿಕ್ಕಿಸಿಕೊಂಡು ಓಡಿದಳು.

ನರಸಾಪುರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅವಳಿಗೆ ಕೆಲಸ. ಜ್ವರ ಬಂದಾಗಲೂ, ತಮ್ಮನ ಮಗಳ ಮದುವೆಗೂ ರಜೆ ಮಾಡದೆ ಎಲ್ಲವನ್ನೂ ಮಗಳ ಹೆರಿಗೆಗೆಂದು ಕೂಡಿಟ್ಟಿದ್ದಳು. ಸೀಮಂತ ಮುಗಿಸಿಕೊಂಡು ಅಮ್ಮನ ಹತ್ತಿರ ಇರಬಹುದೆಂದು ಹೋಳೂರಿಗೆ ಬಂದ ಚಂದನಳಿಗೆ ಹಗಲೆಲ್ಲ ಸಿಕ್ಕಿದ್ದು ಅಪ್ಪ ಚನ್ನರಾಯಪ್ಪನೊಬ್ಬನೇ. ಅವನೋ ರೇಷ್ಮೆಹುಳುವಿನ ಮನೆ, ಹಿಪ್ಪುನೇರಳೆ ಸೊಪ್ಪು ಬಿಟ್ಟರೆ ಬೇರೆ ಮಾತಿಲ್ಲದ ಮನುಷ್ಯ. ಮಗಳಿಗೆ ಹೊಟ್ಟೆ ಕಾಣತೊಡಗಿದಂದಿನಿಂದ ಅವಳನ್ನು ನೆಟ್ಟಗೆ ನೋಡಿ ಮಾತಾಡಿದವನಲ್ಲ. ಮಾಲೂರಿನಿಂದ ಗಂಡ ಫೋನು ಮಾಡಿದರೂ ಅದೇ, "ಇನ್ನೂ ಆಗ್ಲಿಲ್ವಾ?" ತಾನೇ ಬೇಕೆಂದು ಬಚ್ಚಿಟ್ಟುಕೊಂಡಿದ್ದೇನೆಯೇ ಎಂದು ಚಂದನಳಿಗೆ ಅಳು ಬರುತ್ತಿತ್ತು. ಕೂಸು ಹುಟ್ಟಿದರೆ ಅಮ್ಮ ಮನೆಯಲ್ಲಿರುತ್ತಾಳೆ. ತಾನು ಕಾಯುತ್ತಿರುವುದು ಅರ್ಧ ಕೂಸಿಗಾಗಿ, ಅರ್ಧ ಅಮ್ಮನಿಗಾಗಿ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೊಟ್ಟೆ ಸವರಿಕೊಂಡು, "ಬೇಗ ಬಾರೋ ನಮ್ಮಪ್ಪ" ಎಂದಷ್ಟೇ ಬೇಡಿಕೊಳ್ಳುತ್ತಿದ್ದಳು.

ಊಟದ ಹೊತ್ತಿಗೆ ಹಿತ್ತಿಲಿನಿಂದ ಗುದ್ದಲಿಯ ಸದ್ದು ಬಂತು. ಸ್ವಲ್ಪ ಹೊತ್ತಾದ ಮೇಲೆ ಅಪ್ಪನ ಕೂಗು, "ಬುಜ್ಜೀ, ಬಾ ಇಲ್ಲಿ."

ಹೊಂಗೆ ಮರದ ನೆರಳಲ್ಲಿ ಮೆತ್ತಗಿನ ಕೆಂಪು ಮಣ್ಣಿನಲ್ಲಿ ಒಂದು ಗುಂಡನೆಯ ತಗ್ಗು. ಕಲ್ಲು ಬೇರು ಎಲ್ಲವನ್ನೂ ಆರಿಸಿ ಪಕ್ಕಕ್ಕೆ ಗುಡ್ಡೆ ಹಾಕಿದ್ದ. ಸುತ್ತಲೂ, ತಗ್ಗಿನೊಳಗೂ ರಾಗಿಹುಲ್ಲು, ಹುಲ್ಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಅಮ್ಮನ ಹಳೇ ನೂಲಿನ ಸೀರೆ.

"ಏನಪ್ಪ ಇದು?"

"ಬೆಳಿಗ್ಗೆ ನಿಮ್ಮಮ್ಮನ ಹತ್ರ ಹೇಳ್ತಿದ್ದೆಯಲ್ಲ" ಎಂದ ಚನ್ನರಾಯಪ್ಪ ಮರದ ಕಡೆ ನೋಡುತ್ತಾ. "ಎಲ್ಲಾದ್ರೂ ಒತ್ತಿದ್ರೆ ಎದ್ಬಿಡು. ಇನ್ನಷ್ಟು ಅಗೀತೀನಿ." ಮತ್ತೆ ನಿಲ್ಲದೆ ಸೊಪ್ಪಿನ ಮಂಕರಿ ಎತ್ತಿಕೊಂಡು ಹುಳುಮನೆಗೆ ಹೊರಟುಹೋದ.

ಚಂದನ ಮಂಡಿಯೂರಿ, ಅಂಗೈ ಊರಿ, ಹೆದರುತ್ತಲೇ ಮೈ ಇಳಿಬಿಟ್ಟಳು. ಹೊಟ್ಟೆ ತಗ್ಗಿನಲ್ಲಿ ಮೆಲ್ಲನೆ ಕೂತಿತು. ಎಷ್ಟೋ ದಿನದಿಂದ ತಾನೊಬ್ಬಳೇ ಹೊತ್ತಿದ್ದ ಭಾರವನ್ನು ನೆಲ ಕೈಚಾಚಿ ಇಸಿದುಕೊಂಡಂತಾಯಿತು. ಸೊಂಟದ ಗಂಟುಗಳು ಒಂದೊಂದಾಗಿ ಸಡಿಲಿದವು. ಕೂಸು ಒಮ್ಮೆ ಮಿಸುಕಾಡಿ ಸುಮ್ಮನಾಯಿತು. ಕೆನ್ನೆಯನ್ನು ಸೀರೆಗೆ ಒತ್ತಿದಳು. ಅಮ್ಮ ಕೆಲಸಕ್ಕೆ ಹೋಗುವುದಕ್ಕೆ ಮುಂಚಿನ ಕಾಲದಲ್ಲಿ, ಸ್ಕೂಲಿನಿಂದ ಬಂದವಳೇ ಹೀಗೆ ಅವಳ ತೊಡೆಯ ಮೇಲೆ ಬೋರಲು ಬಿದ್ದುಕೊಳ್ಳುತ್ತಿದ್ದಳು. ಅಮ್ಮ ತಲೆಗೂದಲಲ್ಲಿ ಬೆರಳಾಡಿಸುತ್ತಾ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಆ ಬೆರಳುಗಳು ಈಗ ಯಾರದೋ ತಟ್ಟೆ ತೊಳೆಯುತ್ತಿರಬೇಕು. ಕಣ್ಣು ತುಂಬಿ ಬಂತು. ತುಂಬಿದ ಕಣ್ಣಿಗೆ ಹಾಗೇ ನಿದ್ದೆ ಹತ್ತಿತು.

"ಅಯ್ಯಯ್ಯೋ, ಮಣ್ಣಲ್ಲಿ ಯಾಕೇ ಬಿದ್ದಿದೀಯ!"

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಭಾರತಮ್ಮ ಕೈಚೀಲ ಎಸೆದು ಓಡಿ ಬಂದಿದ್ದಳು. ಚಂದನ ನಗುತ್ತಾ ಎದ್ದು ಕೂತಳು.

"ಏನೂ ಆಗಿಲ್ಲಮ್ಮ. ನಿದ್ದೆ ಮಾಡಿದೆ. ಅಪ್ಪ ತೋಡಿಕೊಟ್ಟಿದ್ದು."

"ನಿಮ್ಮಪ್ಪನಾ?" ಭಾರತಮ್ಮ ತಗ್ಗನ್ನೂ ಆರಿಸಿಟ್ಟ ಕಲ್ಲುಗಳನ್ನೂ ನೋಡುತ್ತಾ ನಿಂತಳು.

"ಎಷ್ಟು ಹಾಯಾಗಿದೆ ಗೊತ್ತಾ? ನೀನೂ ಒಂಚೂರು ಮಲಗಿ ನೋಡಮ್ಮ."

"ನಂಗ್ಯಾಕೇ ಈ ವೈಭೋಗ" ಎನ್ನುತ್ತಲೇ ಭಾರತಮ್ಮ ಚಪ್ಪಲಿ ಬಿಟ್ಟು, ಮಗಳ ಪಕ್ಕದಲ್ಲಿ ಹುಲ್ಲಿನ ಮೇಲೆ ಒರಗಿದಳು. "ಹೇಳು, ಇವತ್ತು ಏನೇನಾಯ್ತು?"

ಇಡೀ ದಿನ ಕೂಡಿಟ್ಟುಕೊಂಡ ಮಾತಿತ್ತು. ರಾತ್ರಿ ಕಾಲು ಹಿಡಿದುಕೊಂಡದ್ದು, ಹೆರಿಗೆ ಎಂದರೆ ಆಗುವ ಭಯ, ಅಮ್ಮ ಹೋದ ಮೇಲೆ ಮನೆ ಭಣಗುಡುವುದು. "ಅಮ್ಮಾ, ನಂಗೆ ಒಂದೊಂದ್ಸಲ..." ಎಂದು ಶುರುಮಾಡಿ ಪಕ್ಕಕ್ಕೆ ನೋಡಿದಳು. ಭಾರತಮ್ಮನ ಕಣ್ಣು ಮುಚ್ಚಿತ್ತು. ಬಾಯಿ ಅರೆತೆರೆದು, ಗುರುತಿನ ಚೀಟಿ ಕೆನ್ನೆಯಡಿ ಸಿಕ್ಕಿಕೊಂಡು, ಉಸಿರು ಉದ್ದಕ್ಕೆ ಹೋಗುತ್ತಿತ್ತು.

ಚಂದನ ಚೀಟಿಯನ್ನು ಮೆಲ್ಲಗೆ ಈಚೆ ಎಳೆದು, ಅಮ್ಮನ ಬೆನ್ನು ತಟ್ಟತೊಡಗಿದಳು.

ಹುಳುಮನೆಯ ಬಾಗಿಲಿನಿಂದ ಚನ್ನರಾಯಪ್ಪ, ಎಂದೂ ಕೇಳದವನು, ಅಂದು ಕೂಗಿ ಕೇಳಿದ, "ಬುಜ್ಜೀ, ಕೂಸು ಹೆಂಗಿದೆಯಮ್ಮ?"

"ಈಗ್ತಾನೆ ಮಲಗ್ತು ಅಪ್ಪ" ಎಂದಳು ಚಂದನ, ತಟ್ಟುವ ಕೈ ನಿಲ್ಲಿಸದೆ. "ಮೆಲ್ಲಗೆ ಮಾತಾಡು."