ಹಿಪ್ಪೆ ಮರದ ವ್ಯಾಜ್ಯ

“ಮರ ಎಲ್ಲಿದೆ?” ಎಂದು ಹೊಸ ತಹಸೀಲ್ದಾರ್ ಗರಿಮಾ ಕಟಿಯಾರ್ ಕೇಳಿದಾಗ ವಾರಗಿತ್ತಿಯರಿಬ್ಬರೂ ಒಟ್ಟಿಗೇ ನೆಲ ನೋಡಿದರು. ವಾದಿ ಲಖರಾಜಿ, ಹಿರಿಯಳು. ಪ್ರತಿವಾದಿ ಇಂದ್ರಾಸನಿ, ಕಿರಿಯಳು. ಎರಡು ಹೊಲಗಳ ನಡುವಿನ ಬದುವಿನ ಮೇಲಿದ್ದ ಹಿಪ್ಪೆ ಮರ ಯಾರದು ಎಂಬುದು ವ್ಯಾಜ್ಯ. ಗಂಡಂದಿರು ಹೂಡಿದ್ದು. ಅವರು ತೀರಿಕೊಂಡ ಮೇಲೆ ಹೊಲದ ಜೊತೆಗೆ ವ್ಯಾಜ್ಯವೂ ಹೆಂಡಂದಿರ ಹೆಸರಿಗೆ ಬಂತು.

“ನಿನ್ನೆ ಕಾಲುವೆ ನೋಡೋಕೆ ನಿಮ್ಮೂರ ಕಡೆ ಬಂದಿದ್ದೆ. ಬದು ಇದೆ, ಮರ ಇಲ್ಲ.”

“ಹೋದ ಬೇಸಿಗೆ ಬಿರುಗಾಳಿಗೆ ಬಿತ್ತು ಅಮ್ಮಾವ್ರೇ,” ಎಂದಳು ಲಖರಾಜಿ ಮೆಲ್ಲಗೆ.

“ಸೌದೆ ಏನ್ಮಾಡಿದ್ರಿ?”

“ಬುಡ ಅವ್ರ ಕಡೆ ಬಿತ್ತು, ಕೊಂಬೆ ನಮ್ಮ ಕಡೆ. ಅವರವರ ಒಲೆಗೆ ಹೋಯ್ತು.”

“ಅಂದ್ರೆ ಸುಟ್ಟು ಬೂದಿಯಾದ ಮರಕ್ಕೆ ಒಂದು ವರ್ಷದಿಂದ ಕಿತ್ತಾಡ್ತಾ ಇದೀರಾ?”

ಗುಮಾಸ್ತ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಅವನಿಗೇನು, ನಗುತ್ತಾನೆ. ನಮ್ಮ ಬಲ್ಲೀಗಂಜಿನಲ್ಲಿ ಗಿರಣಿಯಿಲ್ಲ, ನದಿಯಿಲ್ಲ, ಹೆಸರು ಹೇಳುವಂಥ ಗುಡಿಯೂ ಇಲ್ಲ. ಇರುವುದೊಂದು ತಾಲ್ಲೂಕು ಕಚೇರಿ. ಅರಳಿಮರದ ಕೆಳಗೆ ಟೈಪು ಮಾಡುವವರು, ಗೇಟಿನ ಪಕ್ಕ ಛಾಪಾ ಕಾಗದದವರು, ಅವರ ಬೆನ್ನಿಗೆ ಆಲೂ ಟಿಕ್ಕಿಯ ಬಂಡಿ, ಬಳೆ ಅಂಗಡಿ. ಎಲ್ಲರ ಹೊಟ್ಟೆಯೂ ತುಂಬುವುದು ಹಳ್ಳಿಯವರ ವ್ಯಾಜ್ಯದ ವಾಯಿದೆಗಳಿಂದಲೇ. ಗುಮಾಸ್ತನ ಹೊಟ್ಟೆಯೂ ಅದರಲ್ಲಿ ಸೇರಿದೆ.

ಈ ಇಬ್ಬರಿಗೆ ವಾಯಿದೆಯಿಂದ ಸಿಗುತ್ತಿದ್ದದ್ದು ಬೇರೆ. ಅವರ ಮನೆತನದ ಹೆಂಗಸರು ಪೇಟೆಗೆ ಹೋಗುವಂತಿಲ್ಲ. ಬಳೆ ಬೇಕೆಂದರೆ ಬಳೆಗಾರ್ತಿಯೇ ಮನೆಗೆ ಬರಬೇಕು. ಗಂಡಂದಿರ ಕಾಲ ಮುಗಿದರೂ ಗಂಡುಮಕ್ಕಳು ಆ ನಿಯಮ ಸಡಿಲಿಸಲಿಲ್ಲ. ಆದರೆ ಸರ್ಕಾರದ ಕರೆ ಎಂದರೆ ಅವರೂ ತೆಪ್ಪಗಾಗುತ್ತಾರೆ. ಹಾಗಾಗಿ ತಿಂಗಳಿಗೊಮ್ಮೆ ಇಬ್ಬರೂ ಟೆಂಪೊ ಹತ್ತುತ್ತಾರೆ. ಊರಲ್ಲಿ ಎರಡು ಮನೆಗಳಿಗೂ ಎಣ್ಣೆ ಸೀಗೇಕಾಯಿ, ಮಾತು ನಿಂತು ಎಷ್ಟೋ ಕಾಲವಾಯಿತು. ಅದಕ್ಕೇ ಒಬ್ಬಳು ಸೀಟಿನ ಈ ತುದಿ, ಇನ್ನೊಬ್ಬಳು ಆ ತುದಿ, ಮುಖದ ತುಂಬ ಸೆರಗು. ಕಾಲುವೆಯ ಸೇತುವೆ ದಾಟಿದ್ದೇ ತಡ, ಸೆರಗು ಹಿಂದೆ ಸರಿಯುತ್ತದೆ, ಇಂದ್ರಾಸನಿ ಜರುಗಿ ಅಕ್ಕನ ಮಗ್ಗುಲಿಗೆ ಬರುತ್ತಾಳೆ. ಸೊಸೆಯಂದಿರ ವಿಷಯ, ಮೊಣಕಾಲು ನೋವು, ಬಾಯಿಗೆ ಬಂದದ್ದೆಲ್ಲ. ಸಂಜೆ ಅದೇ ಸೇತುವೆ ಬರುವ ತನಕ ಮಾತಿಗೆ ಕೊನೆಯಿರುವುದಿಲ್ಲ.

ಗರಿಮಾ ಒಳ್ಳೆಯ ಹೆಣ್ಣುಮಗಳು. ತೊಂದರೆಯಾದದ್ದೂ ಅದರಿಂದಲೇ. ಇಬ್ಬರಿಗೂ ಕುರ್ಚಿ ಹಾಕಿಸಿದರು, ನೀರು ತರಿಸಿದರು.

“ನೋಡಿ ಅಮ್ಮಾ, ನಮ್ಮಜ್ಜಿ ವಯಸ್ಸು ನಿಮ್ದು. ಈ ಬಿಸಿಲಲ್ಲಿ, ಈ ಗಲಾಟೇಲಿ ನೀವ್ಯಾಕೆ ಅಲೀಬೇಕು? ಮರಾನೇ ಇಲ್ಲ ಅಂದ್ಮೇಲೆ ವ್ಯಾಜ್ಯ ಎಲ್ಲಿಂದ ಬಂತು? ಇವತ್ತೇ ಮುಗಿಸಿಬಿಡ್ತೀನಿ.”

ಲಖರಾಜಿ ನೀರಿನ ಲೋಟ ಕೆಳಗಿಟ್ಟಳು. “ಇವತ್ತೇ ಬೇಡ. ಇನ್ನೊಂದು ವಾಯಿದೆ ಕೊಡಿ, ಯೋಚನೆ ಮಾಡಿ ಹೇಳ್ತೀವಿ.”

“ಯೋಚನೆ ಮಾಡೋಕೆ ಇದರಲ್ಲಿ ಏನಿದೆ?”

“ಇದೆ ಅಮ್ಮಾವ್ರೇ. ಅಕ್ಕ ಹೇಳಿದ್ದು ಸರಿ,” ಎಂದುಬಿಟ್ಟಳು ಇಂದ್ರಾಸನಿ.

ಪ್ರತಿವಾದಿಯು ವಾದಿಯ ಮಾತು ಒಪ್ಪಿದ್ದು ಆ ವ್ಯಾಜ್ಯದಲ್ಲಿ ಅದೇ ಮೊದಲು. ತಹಸೀಲ್ದಾರರ ಮುಖ ಅರಳಿತು. “ಕಂಡ್ರಾ, ನೀವೇ ಒಂದಾಗಿಬಿಟ್ರಿ,” ಎಂದು ಗುಮಾಸ್ತನಿಗೆ ರಾಜಿ ಎಂದು ಬರೆಯಲು ಹೇಳಿದರು. ಇಂದ್ರಾಸನಿ ತನ್ನ ನಾಲಿಗೆಯನ್ನು ಶಪಿಸಿಕೊಂಡಳು. ತಹಸೀಲ್ದಾರರ ಎದುರು ಬೇಡ ಎನ್ನುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಮಸಿ ಬಂತು, ಹೆಬ್ಬೆಟ್ಟು ಒತ್ತಿದರು.

ಗರಿಮಾ ಎದ್ದು ನಿಂತು ಕೈಮುಗಿದರು. “ನೆಮ್ಮದಿಯಾಗಿ ಮನೇಲಿರಿ ಅಮ್ಮಾ. ಇನ್ಮೇಲೆ ಈ ಊರಿಗೆ ಬರೋ ತಾಪತ್ರಯಾನೇ ಇಲ್ಲ ನಿಮಗೆ.”

ಹೊರಗೆ ಟಿಕ್ಕಿಯವನು ಕೇಳದೆಯೇ ಎರಡು ದೊನ್ನೆ ತಂದುಕೊಟ್ಟ. ಒಂದಕ್ಕೆ ಖಾರ ಜಾಸ್ತಿ, ಇನ್ನೊಂದಕ್ಕೆ ಹುಣಸೆಹುಳಿ. “ಮುಂದಿನ ವಾಯಿದೆ ಯಾವತ್ತು ದೊಡ್ಡಮ್ಮಾ?” ಎಂದ, ದಿನವೂ ನೂರು ಜನರನ್ನು ಕೇಳುವಂತೆ. ಲಖರಾಜಿಗೆ ಅಳು ಒತ್ತರಿಸಿ ಬಂತು. ತಿನ್ನದೆ ದೊನ್ನೆಯನ್ನು ಕೈಯಲ್ಲೇ ಹಿಡಿದು ಕೂತಳು. ಇಂದ್ರಾಸನಿ ಬಳೆ ಅಂಗಡಿಯ ಕಡೆ ನೋಡಿದಳು, ಹೋಗಲಿಲ್ಲ.

ಹಿಂತಿರುಗುವ ಟೆಂಪೊದಲ್ಲಿ ಇಬ್ಬರೂ ಮಗ್ಗುಲಲ್ಲೇ ಕೂತಿದ್ದರು. ಇಷ್ಟು ವರ್ಷಗಳಲ್ಲಿ ಆ ದಾರಿಯಲ್ಲಿ ಮಾತಿಲ್ಲದೆ ಹೋದದ್ದು ಅದೇ ಮೊದಲು. ದೂರದಲ್ಲಿ ಕಾಲುವೆಯ ದಂಡೆ ಕಂಡಾಗ ಇಂದ್ರಾಸನಿ ಕೇಳಿದಳು.

“ಅಕ್ಕಾ, ನಿಮ್ಮ ಬಚ್ಚಲ ನೀರು ನಮ್ಮ ಅಂಗಳಕ್ಕೆ ನುಗ್ಗುತ್ತೆ ಅಂತ ನಾನೊಂದು ದಾವೆ ಹಾಕ್ಲಾ?”

“ನಮ್ಮ ನೀರು ನಿಮ್ಮ ಕಡೆ ಬರಲ್ವಲ್ಲೇ. ಆ ಕಡೆ ಏರು ಇದೆ.”

ಸೇತುವೆ ಬಂತು. ಇಂದ್ರಾಸನಿ ಎದ್ದು ತನ್ನ ತುದಿಗೆ ಹೋಗಿ ಕೂತಳು. ಇಬ್ಬರೂ ಮುಖದ ಮೇಲೆ ಸೆರಗು ಎಳೆದುಕೊಂಡರು. ಟೆಂಪೊ ಊರೊಳಗೆ ತಿರುಗುವಾಗ ಸೆರಗಿನೊಳಗಿಂದ ಲಖರಾಜಿಯ ದನಿ ಕೇಳಿಸಿತು.

“ಇವತ್ತು ರಾತ್ರಿಯಿಂದ ನೀರು ಬರುತ್ತೆ ಬಿಡು.”